ಉತ್ತರ ಬರಲಿಲ್ಲ ಅಂದ್ರ?

ಅಕ್ಕೋರು ಎಡಗಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದರು. ಬಲಗಡೆಯದು ಸೆರಗಿನ ಮೇಲೆ ಜೋತುಬಿದ್ದಿರುತ್ತಿತ್ತು. ಎಡಗಿವಿ ಲ್ಯಾಪ್‌ಟಾಪಿಗೆ, ಬಲಗಿವಿ ಮನೆಗೆ. ತೋರುಬೆರಳು ಕೀಬೋರ್ಡಿನ ಕೆಳಬಾಣದ ಗುಂಡಿಯ ಮೇಲೆ. ಆ ಗುಂಡಿಯ ಗುರುತು ಸವೆದು ಬರೀ ಕಪ್ಪು ಉಳಿದಿತ್ತು. ಕಣ್ಣು ತೆರೆದೇ ಇರುತ್ತಿದ್ದವು, ಎದುರಿನ ಗೋಡೆಯ ಕ್ಯಾಲೆಂಡರಿನ ಕಡೆಗೆ. ಆ ಕ್ಯಾಲೆಂಡರು ಎರಡು ವರ್ಷ ಹಳೆಯದು. ಮನೆಯಲ್ಲಿ ಯಾರೂ ಬದಲಿಸಿರಲಿಲ್ಲ. ಅವರಿಗೆ ಗೊತ್ತಾಗುವಂತಿರಲಿಲ್ಲ. ನಾನೂ ಹೇಳಲಿಲ್ಲ.

ಬೋರಗಾಂವದ ಹೈಸ್ಕೂಲಿನಲ್ಲಿ ಅವರು ನಮಗೆ ಗಣಿತ ಕಲಿಸಿದವರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಊರಿಗೆಲ್ಲ ಅವರು ಅಕ್ಕೋರೇ. ಮದುವೆಯಾಗಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಅಣ್ಣನ ಹೆಂಡತಿ ಕೂಡ ಅವರನ್ನು ಅಕ್ಕೋರೇ ಎನ್ನುತ್ತಿದ್ದರು.

ನಾನು ಹತ್ತನೇ ಇಯತ್ತೆಯಲ್ಲಿದ್ದ ವರ್ಷ ಅವರ ಕಣ್ಣು ಹೋಗುತ್ತಿತ್ತು. ಅಂಚಿನಿಂದ ಒಳಗೆ ಕತ್ತಲು ಬರುವ ಎಂಥದೋ ರೋಗ, ಅವರ ತಂದೆಗೂ ಇತ್ತಂತೆ. ನಮಗೆ ಅದು ಗೊತ್ತಿತ್ತು. ನಮಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಕೈಯಳತೆಯಿಂದ ಬರೆಯುತ್ತಿದ್ದರು. ಕೆಲವು ಸಲ ಬರೆದ ಸಾಲಿನ ಮೇಲೆಯೇ ಇನ್ನೊಂದು ಸಾಲು ಬರುತ್ತಿತ್ತು. ನಾವು ಓದಲಾಗದ್ದನ್ನು ಹಾಗೇ ವಹಿಯಲ್ಲಿ ಗೀಚಿಕೊಂಡು ಕೂಡುತ್ತಿದ್ದೆವು. ಒಂದು ದಿನ ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಅಕ್ಕೋರ, ಸಾಲಿನ ಮ್ಯಾಲ ಸಾಲ ಬಂದೈತ್ರಿ" ಎಂದಳು. ನಾನೂ ಅದೇ ಬೆಂಚಿನಲ್ಲಿದ್ದೆ. ಎದ್ದವಳು ನಾನಲ್ಲ.

ಅಕ್ಕೋರು ತಿರುಗಿ ನಿಂತು ಕೇಳಿದರು, "ಎಷ್ಟ ದಿನದಿಂದ ಹಿಂಗ ಆಗಾಕತ್ತೈತಿ?"

"ಗಣಪತಿ ಹಬ್ಬದಿಂದ್ರಿ."

"ಮತ್ತ ಯಾಕ ಯಾರೂ ಹೇಳಲಿಲ್ಲ?"

ಅಕ್ಕೋರು ಬರೆಯುತ್ತಿದ್ದ ಖಡುವನ್ನು ಮೇಜಿನ ಮೇಲಿಟ್ಟರು. ಆಮೇಲೆ ಅದನ್ನು ಮುಟ್ಟಲಿಲ್ಲ. ಆ ವರ್ಷದ ಉಳಿದ ರೇಖಾಗಣಿತವನ್ನೆಲ್ಲ ಬಾಯಿಂದಲೇ ಕಲಿಸಿದರು. ಕೈ ಹಿಂದೆ ಕಟ್ಟಿಕೊಂಡು ಕಿಟಕಿಯ ಹತ್ತಿರ ನಿಂತು ಹೇಳುವರು, ನಾವು ಬರೆದುಕೊಳ್ಳುವುದು. "ಒಂದು ಬಿಂದು ಇಡ್ರಿ. ಅದಕ್ಕೊಂದು ಹೆಸರ ಕೊಡ್ರಿ. ಹೆಸರ ಇಲ್ಲದ್ದು ಎಲ್ಲಿಂದ ಎಲ್ಲಿಗೆ ಹೋತು ಅಂತ ಹೇಳಾಕ ಬರೂದಿಲ್ಲ." ಅವರ ಮಾತಿನಂತೆ ಗೆರೆ ಎಳೆಯುತ್ತ ಹೋದರೆ ವರ್ತುಲ, ಅದರ ಹೊರಗಿನ ಬಿಂದು, ಅಲ್ಲಿಂದ ಎರಡು ಸ್ಪರ್ಶಕ, ಎಲ್ಲ ತಾವಾಗಿ ಬಂದು ಕೂಡುತ್ತಿದ್ದವು. ಮುಂದಿನ ವರ್ಷ ಅವರು ಕೆಲಸ ಬಿಟ್ಟರು.

ನಾನು ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿ ಪುಣೆಯ ಒಂದು ಸಣ್ಣ ಕಂಪನಿಗೆ ಸೇರಿದೆ. ನಿಪ್ಪಾಣಿಗೆ ಮದುವೆಯಾಗಿ ಬಂದೆ. ಲಾಕ್‌ಡೌನ್ ಆದಾಗಿನಿಂದ ಮನೆಯಿಂದಲೇ ಕೆಲಸ. ನನ್ನ ಕೆಲಸ ಬರೆಯುವುದು. ಒಂದು ಕಂಪ್ಯೂಟರು ದೂರದ ಪೆಟ್ಟಿಗೆಯಲ್ಲಿರುವ ಡಿಸ್ಕನ್ನು ತನ್ನದೇ ಎಂಬಂತೆ ಬಳಸಬೇಕಾದರೆ ಎರಡರ ನಡುವೆ ಮಾತುಕತೆಗೆ ನಿಯಮ ಬೇಕು. ಆ ನಿಯಮಗಳ ಪುಸ್ತಕಕ್ಕೆ ಸ್ಪೆಸಿಫಿಕೇಶನ್ ಎನ್ನುತ್ತಾರೆ. ಕಂಪ್ಯೂಟರಿನ ಭಾಗವನ್ನು ಒಂದು ಕಂಪನಿ ಮಾಡುತ್ತದೆ, ಪೆಟ್ಟಿಗೆಯನ್ನು ಇನ್ನೊಂದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ಇಬ್ಬರಿಗೂ ಇರುವುದು ನಾನು ಬರೆದ ಪುಸ್ತಕವೊಂದೇ. ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಸಂಪರ್ಕದ ಸ್ಥಿತಿಗಳನ್ನು ಹೇಳುವುದು: ಇನ್ನೂ ಕರೆದಿಲ್ಲ, ಕರೆಯುತ್ತಿದೆ, ಗುರುತು ಹೇಳುತ್ತಿದೆ, ಕೆಲಸ ನಡೆದಿದೆ, ವಿದಾಯ ಹೇಳುತ್ತಿದೆ, ಮುಗಿದಿದೆ. ಯಾವ ಸ್ಥಿತಿಯಲ್ಲಿ ಏನು ಬಂದರೆ ಯಾವ ಸ್ಥಿತಿಗೆ ಹೋಗಬೇಕು ಎಂಬುದಷ್ಟೇ ಅದರ ಹೂರಣ.

ಒಬ್ಬ ಗಿರಾಕಿ, ಪುಸ್ತಕವನ್ನು ಕಣ್ಣಿಲ್ಲದವರೂ ಓದುವಂತಿರಬೇಕು ಎಂದು ಕರಾರಿನಲ್ಲಿ ಬರೆದ. ಹಾಗೆ ಓದಿ ನೋಡುವವರು ಬೇಕಾಯಿತು. ಅಕ್ಕೋರು ಕಂಪ್ಯೂಟರು ಕಲಿತಿದ್ದಾರೆ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಯಾರಯಾರದೋ ಬರಹ ತಿದ್ದಿಕೊಡುತ್ತಾರೆ ಎಂದು ಅವ್ವ ಹೇಳಿದ್ದು ನೆನಪಿತ್ತು. ಸ್ಕೂಟಿ ತೆಗೆದುಕೊಂಡು ಬೋರಗಾಂವಕ್ಕೆ ಹೋದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಅಣ್ಣನ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ವೈನಿ, ಅಂದರೆ ಅವರ ಅಣ್ಣನ ಹೆಂಡತಿ, ಚಹಾ ಕೊಟ್ಟು, ನನ್ನ ಬಗ್ಗೆ ಅಕ್ಕೋರಿಗೆ ಜೋರಾಗಿ ಹೇಳತೊಡಗಿದರು. "ಸಾವಕಾಶ ಹೇಳ್ರಿ ವೈನಿ. ಕಣ್ಣಷ್ಟ ಹೋಗ್ಯಾವ, ಕಿವಿ ಚೊಲೋ ಅದಾವ" ಎಂದರು ಅಕ್ಕೋರು. ಆಮೇಲೆ ನನ್ನ ಕಡೆ ತಿರುಗಿ, "ನೀ ಮೊದಲನೇ ಬೆಂಚಿನ್ಯಾಕಿ. ಉತ್ತರ ಗೊತ್ತಿದ್ರೂ ಕೈ ಎತ್ತತಿರಲಿಲ್ಲ" ಎಂದರು.

ಪುಸ್ತಕದಲ್ಲಿ ನನ್ನ ಹೆಮ್ಮೆಯ ಚಿತ್ರವೊಂದಿತ್ತು. ಆರು ಚೌಕ, ಅವುಗಳ ನಡುವೆ ಬಣ್ಣಬಣ್ಣದ ಬಾಣ. ಸಂಪರ್ಕದ ಇಡೀ ಬದುಕು ಒಂದೇ ಪುಟದಲ್ಲಿ. ಅಕ್ಕೋರು ಅಲ್ಲಿಗೆ ಬಂದವರೇ ನಿಂತರು.

"ತಂಗಿ, ಇಲ್ಲಿ ಚಿತ್ರ ಅಂತ ಒಂದ ಮಾತ ಹೇಳಿ ಮುಂದ ಹೋಗ್ತೈತಿ. ಏನೈತಿ ಅದರಾಗ?"

ಬಾಯಿಂದ ಹೇಳತೊಡಗಿದೆ. ವಿದಾಯದ ಚೌಕಕ್ಕೆ ಬಂದಾಗ ಅವರು ಕೇಳಿದರು, "ಇದು ಯಾರ ಕಡಿಂದ ನೋಡಿದ್ದು? ಕಂಪ್ಯೂಟರಿನ ಕಡಿಂದೋ, ಪೆಟಿಗಿ ಕಡಿಂದೋ?" ನಾನು ಎರಡೂ ಕಡೆಯಿಂದ ಎಂದೆ. "ಎರಡೂ ಕಡಿಂದ ಒಮ್ಮೆ ನೋಡಾವ ದೇವರೊಬ್ಬನ. ಈ ಕಡಿಯವಗ ಆ ಕಡಿಂದು ಹೆಂಗ ತಿಳೀಬೇಕು? ಹೇಳಿ ಕಳಿಸಿದ್ರಷ್ಟ ತಿಳೀತೈತಿ." ಮತ್ತೆ ಕೇಳಿದರು, "ಹೇಳಿ ಕಳಿಸಿದ್ದಕ್ಕ ಉತ್ತರ ಬರಲಿಲ್ಲ ಅಂದ್ರ?"

ಬಾಯಿಂದ ಹೇಳುವಾಗ ನನ್ನ ಚಿತ್ರದಲ್ಲಿ ಎರಡು ಬಾಣ ಇಲ್ಲವೆಂಬುದು ನನಗೇ ತಿಳಿಯಿತು. ಬಣ್ಣ ಚೆನ್ನಾಗಿದ್ದುದರಿಂದ ಅಲ್ಲಿಯವರೆಗೆ ಯಾರಿಗೂ ಕಂಡಿರಲಿಲ್ಲ.

ಹಾಗೆ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಕಂಪನಿ ಅವರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿತು. ಬರೆಯುವುದು ಇಂಗ್ಲಿಷಿನಲ್ಲಿ, ಜಗಳವಾಡುವುದು ನಮ್ಮ ಭಾಷೆಯಲ್ಲಿ. ನೆಟ್‌ವರ್ಕ್ ಬಗ್ಗೆ ಅವರು ಏನೂ ಓದಿದವರಲ್ಲ. ಆದರೆ ಒಂದು ಸ್ಥಿತಿಯಲ್ಲಿ ನಿಂತವನಿಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ ಎಂಬುದನ್ನು ಅವರಷ್ಟು ಬಲ್ಲವರನ್ನು ನಾನು ಕಂಡಿಲ್ಲ. ಕರ್ತೃವಿಲ್ಲದ ವಾಕ್ಯ ಕಂಡರೆ ಅವರಿಗೆ ಸಿಟ್ಟು. ಕಳಿಸಲಾಗುವುದು, ಮುಚ್ಚಲಾಗುವುದು ಎಂದು ಬರೆದರೆ, "ಯಾರು? ಹೆಸರಿಲ್ಲೇನು ಅವಗ?" ಎನ್ನುವರು. 'ಮಾಡಬಹುದು' ಎಂಬ ಮಾತಿಗೆ ನಗುವರು. "ಬಹುದು ಅಂದ್ರ ಮಾಡೂದಿಲ್ಲ ಅಂತ ತಿಳಕೋ. ನಮ್ಮ ಹೆಡ್‌ಮಾಸ್ತರ ರಜಾ ಕೊಡಬಹುದು ಅಂತಿದ್ರು."

ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಹೊತ್ತು ಮುಳುಗಿತೋ ಇಲ್ಲವೋ ಎಂಬುದು ಅವರಿಗೆ ತಿಳಿಯುವುದು ವೈನಿಯ ಬಾಯಿಂದ. ಒಂದು ಸಂಜೆ ನಾನು ಅಲ್ಲೇ ಇದ್ದೆ, ಮಾತಿನಲ್ಲಿ ತಡವಾಯಿತು. ವೈನಿ ತಟ್ಟೆ ತಂದಿಟ್ಟು, "ಇನ್ನೂ ಬಿಸಲೈತ್ರಿ, ಉಣ್ರಿ" ಎಂದರು. ಹೊರಗೆ ಬೆಳಕಿತ್ತು, ಬಿಸಿಲಿರಲಿಲ್ಲ. ಅಕ್ಕೋರು ಒಂದು ಗಳಿಗೆ ಬಲಗಿವಿ ಹೊರಗೆ ಕೊಟ್ಟು ಕೂತರು. ಗುಬ್ಬಿಗಳ ಗದ್ದಲ ನಿಂತಿತ್ತು. ತಟ್ಟೆಯನ್ನು ಮೆಲ್ಲಗೆ ಸರಿಸಿ, "ವೈನಿ, ನೀವು ಹೇಳಿದ್ದು ಹೊಟ್ಟಿಗೆ ಚೊಲೋ. ಆದ್ರ ನಾಳಿಗೆ ನಾ ನಿಮ್ಮನ್ನ ಕೇಳಬೇಕಲ್ಲ" ಎಂದರು. ಬೈಯಲಿಲ್ಲ. ಆ ದಿನ ಉಪವಾಸ ಮಲಗಿದರು. ವೈನಿ ಆಮೇಲೆ ಎಂದೂ ಹಾಗೆ ಹೇಳಲಿಲ್ಲವಂತೆ.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಬರೆಯಬೇಕು.

ಪುಸ್ತಕದ ಹೊಸ ಆವೃತ್ತಿ ಹೊರಡುವುದಿತ್ತು. ಅಕ್ಕೋರು ತಮ್ಮ ಟಿಪ್ಪಣಿಗಳನ್ನು ವಾಟ್ಸಪ್‌ನಲ್ಲಿ ಧ್ವನಿಯಲ್ಲಿ ಕಳಿಸುತ್ತಿದ್ದರು, ಒಂದೊಂದಕ್ಕೂ ಸಂಖ್ಯೆ ಹೇಳಿ. ಆ ಸಲ ನಲವತ್ತರ ಮೇಲಿದ್ದವು. ಅದೇ ವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೆಲಸ ಮಾಡುತ್ತಿದ್ದೆ. ಮೂವತ್ತರವರೆಗೆ ಕೇಳಿ ತಿದ್ದಿದೆ. ಉಳಿದವನ್ನು ಕೇಳಲಿಲ್ಲ. ನಮ್ಮಿಬ್ಬರ ನಡುವಿನ ಪಟ್ಟಿಯಲ್ಲಿ ಎಲ್ಲ ಸಂಖ್ಯೆಗಳ ಮುಂದೆಯೂ ಸರಿಪಡಿಸಿದೆ ಎಂದು ಗುರುತು ಹಾಕಿದೆ. ಕೇಳದೆ ಉಳಿದವುಗಳಲ್ಲಿ ಒಂದು ವಿದಾಯದ ಅಧ್ಯಾಯದ್ದು. 'ಉತ್ತರ ಬಂದ ನಂತರ ಸಂಪರ್ಕವನ್ನು ಮುಚ್ಚಬೇಕು' ಎಂದು ನಾನು ಬರೆದಿದ್ದೆ. ಅನಾಹುತ ಆಗಿಹೋದ ಮೇಲೆ ಅವರ ಟಿಪ್ಪಣಿ ಹಾಕಿ ಕೇಳಿದೆ. "ಮೂವತ್ತೇಳು. ಯಾರು ಮುಚ್ಚಬೇಕು? ಉತ್ತರ ಬರಲಿಲ್ಲ ಅಂದ್ರ? ಇದನ್ನ ಬಿಡಬ್ಯಾಡ ತಂಗಿ." ಹಿಂದೆ ಮಗ್ಗದ ಸದ್ದಿತ್ತು.

ಕೆಲವು ತಿಂಗಳಾದ ಮೇಲೆ ಗಡಿಯಾಚೆ ಮರಾಠಿ ಸೀಮೆಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಚಿತ್ರಗಳು ಕೆಟ್ಟವು. ಆದದ್ದಿಷ್ಟು. ಕಂಪ್ಯೂಟರು ವಿದಾಯ ಹೇಳಿತು. ಉತ್ತರ ದಾರಿಯಲ್ಲಿ ಕಳೆದುಹೋಯಿತು. ಪೆಟ್ಟಿಗೆ ಮುಚ್ಚುತ್ತದೆ ಎಂದು ಕಂಪ್ಯೂಟರಿನವರು ಓದಿಕೊಂಡಿದ್ದರು. ಕಂಪ್ಯೂಟರು ಮುಚ್ಚುತ್ತದೆ ಎಂದು ಪೆಟ್ಟಿಗೆಯವರು. ಕಂಪ್ಯೂಟರು ಹೊಸ ಸಂಪರ್ಕ ಮಾಡಿಕೊಂಡು ಹೊಸ ಚಿತ್ರಗಳನ್ನು ಇಡತೊಡಗಿತು. ಪೆಟ್ಟಿಗೆಯಲ್ಲಿ ಹಳೆಯ ಸಂಪರ್ಕ ಇನ್ನೂ ಬದುಕಿತ್ತು. ಅದರ ಸರದಿಯಲ್ಲಿ ನಿಂತಿದ್ದ ಹಳೆಯ ಮಾಹಿತಿ ತಡವಾಗಿ ಹೊರಟು ಹೊಸ ಚಿತ್ರಗಳ ಮೇಲೆ ಬಂದು ಕೂತಿತು. ಎರಡು ದಿನದ ಚಿತ್ರಗಳು ಹೋದವು. ರೋಗಿಗಳನ್ನು ಮತ್ತೆ ಕರೆಸಿದರು. ನಮಗೆ ಬಂದ ವರದಿಯ ಕೊನೆಯಲ್ಲಿ ಒಂದು ಸಾಲಿತ್ತು: ಕಾಗವಾಡದ ಕಡೆಯ ಒಬ್ಬ ವೃದ್ಧರು ಎರಡನೆಯ ಸಲ ಬರಲು ಒಪ್ಪಲಿಲ್ಲ. ಅವರಿಗೆ ಆಮೇಲೆ ಏನಾಯಿತೆಂದು ಯಾರೂ ಬರೆಯಲಿಲ್ಲ. ನಾನು ಕೇಳಲಿಲ್ಲ.

ಪುಣೆಯ ಮ್ಯಾನೇಜರ್ ವಿಡಿಯೊ ಕರೆ ಇಟ್ಟರು. ನಾನಿದ್ದೆ, ಅಕ್ಕೋರಿದ್ದರು, ಇನ್ನಿಬ್ಬರು ಇಂಜಿನಿಯರುಗಳು. ಈ ವಾಕ್ಯ ಪರಿಶೀಲನೆಯಲ್ಲಿ ಸಿಗಲಿಲ್ಲವೇ ಎಂದು ಅವರು ಮರಾಠಿಯಲ್ಲಿ ಕೇಳಿದರು. ನನ್ನನ್ನೇ ಕೇಳಿದ್ದು. ನನ್ನ ಮೈಕು ತೆರೆದೇ ಇತ್ತು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ತರಕಾರಿಯವನು ಕೂಗುತ್ತ ಹೋದದ್ದು ಎಲ್ಲರಿಗೂ ಕೇಳಿಸಿತು. ನಾನು ಮಾತಾಡಲಿಲ್ಲ.

"ತೇ ಮಾಝ್ಯಾಕಡೂನ್ ರಾಹಿಲಂ" ಎಂದರು ಅಕ್ಕೋರು. ಅದು ನನ್ನ ಕಡೆಯಿಂದ ಬಿಟ್ಟುಹೋಯಿತು ಎಂದರ್ಥ.

ಮ್ಯಾನೇಜರ್ ಸರಿ ಎಂದರು. ಮುಂದಿನ ವಿಷಯಕ್ಕೆ ಹೋದರು. ಮರುತಿಂಗಳಿಂದ ಅವರಿಗೆ ಕೆಲಸ ಕಳಿಸುವುದು ಬೇಡ ಎಂದು ನನಗೆ ಸೂಚನೆ ಬಂತು. ಅದನ್ನು ಅವರಿಗೆ ತಿಳಿಸುವುದೂ ನನ್ನ ಪಾಲಿಗೆ ಬಂತು. ಮೆಸೇಜಿನಲ್ಲಿ ತಿಳಿಸಿದೆ. ಅವರ ಲ್ಯಾಪ್‌ಟಾಪು ಅದನ್ನು ಅವರ ಎಡಗಿವಿಯಲ್ಲಿ ಓದಿರಬೇಕು.

ಎರಡು ವಾರ ಬಿಟ್ಟು ಹೋದೆ. ಅವರು ಬಾಗಿಲ ಕಡೆಯೇ ಕೂತಿದ್ದರು. ನನ್ನ ಸ್ಕೂಟಿಯ ಸದ್ದು ಅವರಿಗೆ ಗೊತ್ತಿತ್ತು.

"ಯಾಕ ಹಂಗ ಹೇಳಿದ್ರಿ ಅಕ್ಕೋರ?" ಎಂದೆ. "ಮೂವತ್ತೇಳನೇದು ನಿಮ್ಮ ಫೋನಿನ್ಯಾಗ ಇತ್ತಲ್ರಿ."

"ಐತಿ. ಇನ್ನೂ ಐತಿ." ಅವರು ಸೆರಗು ಸರಿಮಾಡಿಕೊಂಡರು. "ನಾ ಸುಳ್ಳ ಹೇಳಲಿಲ್ಲ. ನಾ ಹೇಳಿದೆ, ನೀ ಸರಿಪಡಿಸೀನಿ ಅಂತ ಗುರುತ ಹಾಕಿದಿ. ಆ ಪಾಠ ಮತ್ತೊಮ್ಮೆ ತಗದು ಕೇಳೂದು ನನ್ನ ಕೆಲಸ ಆಗಿತ್ತು. ಕೇಳಲಿಲ್ಲ. ಗುರುತು ನಂಬಿದೆ. ಅಷ್ಟು ನಂದು. ಅದನ್ನ ಹೇಳಿದೆ."

ನಾನು ಸ್ಕೂಟಿಯ ಕೀಲಿ ಕೆಳಗಿಟ್ಟೆ.

"ನಿಂದು ನೀ ಹೇಳಬೇಕಾಗಿತ್ತು. ಅದನ್ನ ನಾ ಹೇಳಾಕ ಬರೂದಿಲ್ಲ" ಎಂದರು. ಧ್ವನಿ ಏರಲಿಲ್ಲ. ಶಾಲೆಯಲ್ಲಿ ತಪ್ಪಾದ ಲೆಕ್ಕಕ್ಕೆ ಹೇಳುತ್ತಿದ್ದ ಧ್ವನಿಯೇ. ಮ್ಯಾನೇಜರಿಗೆ ಹೇಳುತ್ತೇನೆ ಎಂದೆ. ಇನ್ನೂ ಏನೋ ಹೇಳಲು ಬಾಯಿ ತೆರೆದೆ. ಅವರು, "ಈಗ ಲ್ಯಾಪ್‌ಟಾಪ್ ತಗಿ. ವಿದಾಯದ್ದು ಬರೀಬೇಕು" ಎಂದರು.

ಮೂರು ಮಧ್ಯಾಹ್ನ ಕೂತು ಆ ಅಧ್ಯಾಯವನ್ನು ಮೊದಲಿನಿಂದ ಬರೆದೆವು. ಅವರಿಗೆ ಕಂಪನಿಯ ನಂಟು ಕಡಿದಿತ್ತು, ಆದರೂ ಬರೆದೆವು. ಕಂಪ್ಯೂಟರಿನ ಕಡೆಯದು ಬೇರೆ, ಪೆಟ್ಟಿಗೆಯ ಕಡೆಯದು ಬೇರೆ. ಒಂದೊಂದು ಸ್ಥಿತಿಗೂ ಹೆಸರು. ಅಲ್ಲಿ ನಿಂತವನಿಗೆ ಏನು ಗೊತ್ತು, ಏನು ಬರಬಹುದು, ಬಂದರೆ ಎಲ್ಲಿಗೆ, ಏನೂ ಬರದಿದ್ದರೆ ಎಷ್ಟು ಹೊತ್ತು ಕಾಯುವುದು, ಕಾದ ಮೇಲೆ ಎಲ್ಲಿಗೆ. ಮುಚ್ಚುವವನ ಹೆಸರು ಪ್ರತಿ ವಾಕ್ಯದಲ್ಲೂ. ಅವರು ಕಿಟಕಿಯ ಹತ್ತಿರ ಕೈ ಹಿಂದೆ ಕಟ್ಟಿಕೊಂಡು ನಿಂತು ಹೇಳಿದರು, ನಾನು ಬರೆದೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಸ್ಪಷ್ಟವಾದ ಏಳು ಪುಟಗಳನ್ನು ನಾನು ಬರೆದಿಲ್ಲ. ಅವು ನಾನು ಬರೆದವೂ ಅಲ್ಲ.

ಆ ಪುಟಗಳನ್ನು ಕಂಪನಿಗೆ ಕಳಿಸಿದೆ. ಎಲ್ಲರಿಗೂ ಹಿಡಿಸಿದವು. ನನಗೆ ಶಾಬಾಸ್ ಎಂದರು. ಆಗಲೂ ಹೇಳಬಹುದಿತ್ತು.

ಆಮೇಲೆ ಬೋರಗಾಂವಕ್ಕೆ ಹೋಗಲಿಲ್ಲ. ಮ್ಯಾನೇಜರಿಗೆ ಹೇಳಿ ಆಮೇಲೆ ಹೋಗೋಣ ಎಂದುಕೊಂಡೆ, ಹೇಳಲಿಲ್ಲ, ಆದ್ದರಿಂದ ಹೋಗಲಿಲ್ಲ. ಎರಡು ಸಲ ಫೋನಿನಲ್ಲಿ ಮಾತಾಡಿದೆವು. ಅತ್ತೆಯ ಕಾಲು ಹೇಗಿದೆ ಎಂದು ಅವರು ಕೇಳಿದರು. ನಡೀತಾರ್ರಿ ಎಂದೆ. ಮ್ಯಾನೇಜರಿಗೆ ಹೇಳಿದೆಯಾ ಎಂದು ಅವರು ಕೇಳಲಿಲ್ಲ.

ಒಂಬತ್ತು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ವೈನಿಯ ಫೋನು ಬಂತು. "ಅಕ್ಕೋರು ಹೋದ್ರು" ಎಂದರು. ಹೋದರೆಂದರೆ ಎಲ್ಲಿಗೆ ಎಂದು ನಾನು ಕೇಳಿದೆ, ನಿಜವಾಗಿಯೇ ಕೇಳಿದೆ. ವೈನಿ ಸಿಟ್ಟಾಗಲಿಲ್ಲ. ಹಿಂದಿನ ದಿನ ಊಟ ಮಾಡಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರಂತೆ. ನಿಪ್ಪಾಣಿಗೆ ಕರೆದುಕೊಂಡು ಬರುವಷ್ಟರಲ್ಲಿ ಮುಗಿದಿತ್ತಂತೆ. ನಮ್ಮ ಮನೆಯಿಂದ ಆ ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರ. ಆ ಹೊತ್ತಿನಲ್ಲಿ ನಾನು ಬಟ್ಟೆ ಒಣಹಾಕುತ್ತಿದ್ದೆ ಎಂದು ಆಮೇಲೆ ಹೊಂದಿಸಿ ನೋಡಿದೆ.

ಅಂತ್ಯಕ್ರಿಯೆಗೆ ಹೋದೆ. ಅಳು ಬರಲಿಲ್ಲ. ಹಳೆಯ ವಿದ್ಯಾರ್ಥಿಗಳು ಬಹಳ ಮಂದಿ ಬಂದಿದ್ದರು. ರಾಯಬಾಗದಿಂದ, ಅಥಣಿಯಿಂದಲೂ ಬಂದಿದ್ದರು. ಬೋರ್ಡಿನ ವಿಷಯ ಹೇಳಿದ ಮೊದಲ ಬೆಂಚಿನ ಹುಡುಗಿಯೂ ಇದ್ದಳು, ತಲೆ ಅರ್ಧ ಬೆಳ್ಳಗಾಗಿತ್ತು. ಅವಳು ಅಳುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ.

ಮರುದಿನ ಮ್ಯಾನೇಜರಿಗೆ ಬರೆದೆ. ಮೂವತ್ತೇಳನೆಯ ಟಿಪ್ಪಣಿಯ ಧ್ವನಿಯನ್ನು ಜೊತೆಗೆ ಕಳಿಸಿದೆ. ನಾನು ಕೇಳದೆ ಗುರುತು ಹಾಕಿದೆ, ಅವರು ಹೇಳಿದ್ದರು, ಹೊಸ ಅಧ್ಯಾಯವೂ ಅವರದು, ಎಂದು ಮೂರು ವಾಕ್ಯ. ಪ್ರತಿ ವಾಕ್ಯಕ್ಕೂ ಕರ್ತೃವಿತ್ತು. ಸಂಜೆ ಉತ್ತರ ಬಂತು: ತಿಳಿಸಿದ್ದಕ್ಕೆ ಧನ್ಯವಾದ, ದಾಖಲಿಸಿಕೊಂಡಿದ್ದೇವೆ. ಅಷ್ಟೇ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬೈಯಲೂ ಇಲ್ಲ. ಆ ಮ್ಯಾನೇಜರ್ ಈಗ ಬೇರೆ ಕಂಪನಿಯಲ್ಲಿದ್ದಾರೆ. ಪುಸ್ತಕ ಇನ್ನೂ ಬಳಕೆಯಲ್ಲಿದೆ. ಆ ಏಳು ಪುಟಗಳ ಬಗ್ಗೆ ಇಂದಿನವರೆಗೆ ಒಂದು ಪ್ರಶ್ನೆಯೂ ಬಂದಿಲ್ಲ.

ವೈನಿಗೂ ಹೇಳಬೇಕಿತ್ತು. ಹದಿನೈದು ದಿನ ಕಳೆದು ಹೋದೆ. ಮಗ್ಗ ನಡೆದಿದ್ದವು. ಅವರು ಚಹಾ ತಂದಿಟ್ಟು ಎದುರಿಗೆ ಕೂತರು. ಎಲ್ಲ ಹೇಳಿದೆ, ಗುರುತು ಹಾಕಿದ್ದು, ಕರೆಯಲ್ಲಿ ಬಾಯಿ ಬಿಡದಿದ್ದದ್ದು, ನನ್ನಿಂದ ಅವರ ಕೆಲಸ ಹೋದದ್ದು. ವೈನಿ ಕೇಳುತ್ತಿದ್ದರು. ಅವರ ಮುಖದಲ್ಲಿ ಸಿಟ್ಟು ಬರಲಿ ಎಂದು ನಾನು ಕಾಯುತ್ತಿದ್ದೆ. ಬಂದದ್ದು ಗಲಿಬಿಲಿ.

"ಕೆಲಸ ಯಾವಾಗ ಹೋಗಿತ್ತು?" ಎಂದರು.

"ಒಂಬತ್ತ ತಿಂಗಳಾತ್ರಿ."

"ಇಲ್ಲವ್ವಾ, ಎಲ್ಲಿ ಹೋಗಿತ್ತು? ದಿನಾ ಹತ್ತಕ್ಕ ಲ್ಯಾಪ್‌ಟಾಪ್ ಮುಂದ ಕೂಡತಿದ್ರಲ್ಲ, ಕಿವಿಗೆ ವಾಯರ ಹಾಕ್ಕೊಂಡು. ಒಂದರ ತನಕ ಏಳತಿರಲಿಲ್ಲ. ಅಕ್ಕೋರದು ಆಫೀಸ್ ಐತಿ ಅಂತ ನಾ ಮಕ್ಕಳನ್ನೂ ಒಳಗ ಬಿಡತಿರಲಿಲ್ಲ. ಹೋಗೂ ದಿನಾನೂ ಕೂತಿದ್ರು."

ನಾನು ಅವರ ಮುಖ ನೋಡಿದೆ. ಅವರು ನನ್ನದು.

"ಹಂಗಾದ್ರ ಒಂಬತ್ತ ತಿಂಗಳ ಅಲ್ಲಿ ಕೂತು ಏನ ಮಾಡತಿದ್ರು?"

"ಗೊತ್ತಿಲ್ರಿ ವೈನಿ" ಎಂದೆ.

ಚಹಾ ಆರಿ ಕೆನೆ ಕಟ್ಟಿತ್ತು. ಎತ್ತಿಕೊಂಡು ಕುಡಿದೆ. ಲೋಟ ತೊಳೆದಿಡಲು ಎದ್ದಾಗ ವೈನಿ ಕೈ ಚಾಚಿ, "ಇರಲಿ, ಕೊಡು" ಎಂದು ಇಸಿದುಕೊಂಡರು.